ಸಾವಿನ ಬಗ್ಗೆ ಯೋಚಿಸಿದರೆ ಕೈಚೆಲ್ಲಿದ ಹಾಗೆಯೇ?

ಪ್ರಶ್ನೆ: ನನಗೆ 54 ವರ್ಷ. ಎರಡು ವರ್ಷದ ಹಿಂದೆ ಶ್ವಾಸಕೋಶದ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೇ ಅದು ಬೆನ್ನುಮೂಳೆಗೂ ಹರಡಿತ್ತು. ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಗಡ್ಡೆ ಕುಗ್ಗಿದೆ, ಕೆಲಸಕ್ಕೆ ಹೋಗುತ್ತೇನೆ, ನೋಡಿದವರಿಗೆ ಕಾಯಿಲೆ ಇದೆ ಅಂತಲೇ ಅನ್ನಿಸುವುದಿಲ್ಲ. ಆದರೆ ಇದು ಪೂರ್ತಿ ವಾಸಿಯಾಗುವುದಿಲ್ಲ, ಒಂದಲ್ಲ ಒಂದು ದಿನ ಮಾತ್ರೆ ಕೆಲಸ ನಿಲ್ಲಿಸುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮತ್ತೆ ನಿದ್ದೆ ಇಲ್ಲ. ಗಂಡನ ಹತ್ತಿರ ಮಾತೆತ್ತಿದರೆ 'ಅದೆಲ್ಲಾ ಈಗ್ಯಾಕೆ, ಒಳ್ಳೇದನ್ನೇ ಯೋಚನೆ ಮಾಡು' ಎಂದು ಎದ್ದು ಹೋಗುತ್ತಾರೆ. 15 ವರ್ಷದ ಮಗಳಿಗೆ ಕ್ಯಾನ್ಸರ್ ಎಂದು ಗೊತ್ತು, ಗುಣವಾಗುವುದಿಲ್ಲ ಎಂದು ಗೊತ್ತಿಲ್ಲ. ಹೋದ ತಿಂಗಳು ಡಾಕ್ಟರು 'ಪ್ಯಾಲಿಯೇಟಿವ್ ಕೇರ್ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ' ಅಂದರು. ಅವತ್ತಿನಿಂದ ಭಯ ಇನ್ನೂ ಜಾಸ್ತಿಯಾಗಿದೆ. ಕೊನೆಯಲ್ಲಿ ಉಸಿರು ಕಟ್ಟಿ ಸಾಯುತ್ತೇನಾ? ಎಷ್ಟು ಸಮಯ ಇದೆ ಎಂದು ಕೇಳಬೇಕಾ, ಬೇಡವಾ? ಎರಡು ವರ್ಷದ ಒಂದು ಕೋರ್ಸಿಗೆ ಸೇರುವ ಆಸೆ ಇದೆ, ಅದು ಹುಚ್ಚುತನವಾ? ಸಾವಿನ ಬಗ್ಗೆ ಯೋಚಿಸಿ ಯೋಚಿಸಿ ನಾನೇ ಕಾಯಿಲೆ ಹೆಚ್ಚು ಮಾಡಿಕೊಳ್ಳುತ್ತಿದ್ದೇನಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದಕ್ಕಿಂತ ಅದೇ ನಿಮ್ಮನ್ನು ಹೆಚ್ಚು ಹಿಂಡುತ್ತಿದೆ ಅನ್ನಿಸುತ್ತದೆ. ಇಲ್ಲ, ನೀವು ಯೋಚಿಸುವುದರಿಂದ ಕಾಯಿಲೆ ಹೆಚ್ಚಾಗುತ್ತಿಲ್ಲ. ಭಯಪಟ್ಟರೆ ಗಡ್ಡೆ ಬೆಳೆಯುವುದಿಲ್ಲ. ಧೈರ್ಯವಾಗಿದ್ದರೆ ಕುಗ್ಗುವುದೂ ಇಲ್ಲ.

ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಪರೀಕ್ಷೆ ಮಾಡಿ ನೋಡಿದ ಸಂಗತಿ ಇದು. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಇದ್ದ 1,093 ಜನರ ಮನಸ್ಥಿತಿಯನ್ನು ಚಿಕಿತ್ಸೆಯ ಶುರುವಿನಲ್ಲೇ ಅಳೆದು, ಆಮೇಲೆ ಯಾರು ಎಷ್ಟು ಕಾಲ ಬದುಕಿದರು ಎಂದು ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮನಸ್ಸು ಗೆಲುವಾಗಿದ್ದವರಿಗೂ ಕುಗ್ಗಿದ್ದವರಿಗೂ ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 'ಪಾಸಿಟಿವ್ ಆಗಿರು' ಅನ್ನುವವರು ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಆ ಮಾತಿನ ಹಿಂದೆ, ಸ್ಕ್ಯಾನ್ ಕೆಟ್ಟದಾಗಿ ಬಂದರೆ ಅದು ನಿನ್ನ ಮನಸ್ಸಿನ ತಪ್ಪು ಎಂಬ ಆರೋಪ ಅವರಿಗೇ ಗೊತ್ತಿಲ್ಲದ ಹಾಗೆ ಸೇರಿಕೊಂಡುಬಿಡುತ್ತದೆ. ಆ ಹೊರೆಯನ್ನು ನೀವು ಹೊರಬೇಕಾಗಿಲ್ಲ. ಮನಸ್ಸು ಹಗುರಾಗಿದ್ದರೆ ದಿನ ಚೆನ್ನಾಗಿ ಕಳೆಯುತ್ತದೆ, ಅದಕ್ಕಾಗಿ ಅದು ಬೇಕು. ಅದು ಔಷಧಿ ಅಲ್ಲ, ಅಷ್ಟೇ.

ಮಾತಾಡಿದರೆ ಮನಸ್ಸು ಕುಸಿಯುತ್ತದೆ ಎಂಬ ಇನ್ನೊಂದು ನಂಬಿಕೆಯೂ ಇದೆ. 2008ರಲ್ಲಿ ಅಮೆರಿಕದಲ್ಲಿ ಮುಂದುವರಿದ ಕ್ಯಾನ್ಸರ್ ಇದ್ದ 332 ರೋಗಿಗಳನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಸೇರಿಸಿ ಮಾಡಿದ ಅಧ್ಯಯನ ಬಂತು. ಕೊನೆಗಾಲದ ಬಗ್ಗೆ ಡಾಕ್ಟರ ಜೊತೆ ಮಾತಾಡಿದವರಲ್ಲಿ ಖಿನ್ನತೆ ಹೆಚ್ಚಿರಲಿಲ್ಲ. ಕೊನೆಯ ವಾರದಲ್ಲಿ ವೆಂಟಿಲೇಟರ್, ಐಸಿಯು ಎಂದು ಓಡಾಡಿದ್ದು ಅವರಲ್ಲಿ ಕಡಿಮೆ ಇತ್ತು. ಅವರು ಹೋದ ಮೇಲೆ ಮನೆಯವರು ಆ ದುಃಖದಿಂದ ಚೇತರಿಸಿಕೊಂಡದ್ದೂ ಹೆಚ್ಚು ಸಲೀಸಾಗಿತ್ತು.

ನಾನು ಪ್ಯಾಲಿಯೇಟಿವ್ ಕೇರ್ ಡಾಕ್ಟರು, ಅಂದರೆ ಗಂಭೀರ ಕಾಯಿಲೆ ಇರುವವರ ನೋವು, ಸಂಕಟ ಇಳಿಸುವ ಡಾಕ್ಟರು. ನಿಮ್ಮಂಥವರನ್ನು ದಿನವೂ ನೋಡುತ್ತೇನೆ. ಮಾತ್ರೆಯನ್ನು ಒಂದು ದಿನವೂ ತಪ್ಪಿಸದವರು, ಸ್ಕ್ಯಾನ್ ತಾರೀಖು ಮರೆಯದವರು, ಜೊತೆಗೇ ಸಾವಿನ ಬಗ್ಗೆ ಯೋಚಿಸುವವರು. ಈ ಎರಡೂ ಒಬ್ಬರಲ್ಲೇ ಇರಬಹುದು. ಬೆಳಗ್ಗೆ ಮಗಳ ಪರೀಕ್ಷೆಯ ಚಿಂತೆ, ರಾತ್ರಿ ನಾನಿಲ್ಲದ ಮನೆಯ ಚಿಂತೆ. ಇದರಲ್ಲಿ ಒಂದು ನಿಜ, ಇನ್ನೊಂದು ಸೋಲು ಎಂದು ಅಂದುಕೊಳ್ಳಬೇಡಿ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ ಹೇಳಿದ, ಸಾವನ್ನು ಎದುರಿಸುವ ಐದು ಹಂತಗಳ ಬಗ್ಗೆ ನೀವು ಕೇಳಿರಬಹುದು. ಒಪ್ಪದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು. ಈ ಭಾವನೆಗಳೆಲ್ಲ ಇರುವುದು ನಿಜ. ಆದರೆ ಒಂದಾದ ಮೇಲೊಂದು ಮೆಟ್ಟಿಲು ಹತ್ತಿದ ಹಾಗೆ ಯಾರೂ ಹತ್ತುವುದನ್ನು ನಾನು ಕಂಡಿಲ್ಲ. ಇವತ್ತು ಒಪ್ಪಿಕೊಂಡವರು ನಾಳೆ ಸಿಟ್ಟಾಗುತ್ತಾರೆ. 'ನನಗೆ ಇನ್ನೂ ಒಪ್ಪಿಕೊಳ್ಳಲು ಆಗ್ತಿಲ್ಲ' ಎಂದು ನೀವು ನಿಮಗೇ ಮಾರ್ಕ್ಸ್ ಕೊಟ್ಟುಕೊಳ್ಳುವ ಅಗತ್ಯವಿಲ್ಲ.

ಭಯ ಒಂದಲ್ಲ, ಹಲವು

'ಸಾವಿನ ಭಯ' ಎಂದು ನಾವು ಕರೆಯುವುದು ಸಾಮಾನ್ಯವಾಗಿ ಒಂದೇ ಭಯವಾಗಿರುವುದಿಲ್ಲ. ನಿಮ್ಮ ಪತ್ರದಲ್ಲೇ ನೋಡಿ: ಉಸಿರು ಕಟ್ಟುವ ಭಯ, ಮಗಳಿಗೆ ಏನಾಗುತ್ತದೋ ಎಂಬ ಭಯ, ಒಂಟಿಯಾಗಿ ಎಲ್ಲ ಹೊರುತ್ತಿದ್ದೇನೆ ಎಂಬ ಸಂಕಟ, ಎಷ್ಟು ಸಮಯ ಇದೆಯೋ ಗೊತ್ತಿಲ್ಲದ ತಳಮಳ. ಇವೆಲ್ಲದರ ಕೆಳಗೆ, 'ನಾನು ಇಲ್ಲದೆ ಹೋಗುತ್ತೇನೆ' ಎಂಬ ಆ ದೊಡ್ಡ ಭಯ. ಎಲ್ಲ ಸೇರಿ ರಾತ್ರಿ ಮೂರಕ್ಕೆ ಒಟ್ಟಿಗೆ ಮೈಮೇಲೆ ಬಂದರೆ ಯಾರಿಗೂ ತಡೆದುಕೊಳ್ಳಲು ಆಗುವುದಿಲ್ಲ. ಬಿಡಿಸಿಟ್ಟರೆ ಒಂದೊಂದಕ್ಕೂ ಬೇರೆ ಬೇರೆ ದಾರಿ ಇದೆ. ಕೆಲವಕ್ಕೆ ಔಷಧಿ, ಕೆಲವಕ್ಕೆ ಒಂದು ಮಾತುಕತೆ, ಕೆಲವಕ್ಕೆ ಒಂದು ಕಾಗದ ಬರೆದಿಡುವುದು. ಆ ಕೊನೆಯ, ದೊಡ್ಡ ಭಯಕ್ಕೆ ಮಾತ್ರ ಪರಿಹಾರ ಎಂಬುದಿಲ್ಲ. ಆದರೆ ಉಳಿದವು ಇಳಿದ ಮೇಲೆ ಅದರ ಜೊತೆ ಇರಲು ಹೆಚ್ಚಿನವರಿಗೆ ಸಾಧ್ಯವಾಗುತ್ತದೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ರಾತ್ರಿ ಎಚ್ಚರವಾಗುವುದರಿಂದ ಶುರು ಮಾಡೋಣ. ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವ ಮೊದಲು ದೇಹವನ್ನು ನೋಡಬೇಕು. ನೋವಿನ ಮಾತ್ರೆಯ ಪ್ರಭಾವ ನಡುರಾತ್ರಿಗೆ ಇಳಿದು ಬೆನ್ನುನೋವು ಎಬ್ಬಿಸುತ್ತಿದೆಯೇ? ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಸಂಜೆ ನುಂಗುತ್ತಿದ್ದೀರಾ? ಹಾಗಿದ್ದರೆ ನಿದ್ದೆ ಕೆಡುವುದು ಸಹಜ, ಬೆಳಗ್ಗೆಗೆ ಬದಲಿಸಿಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್‌ನಂಥ ಕೆಲವು ಔಷಧಿಗಳಿಂದ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ ಬರಬಹುದು. ಎಷ್ಟೋ ಸಲ ಅದನ್ನೇ ಭಯ ಅಂದುಕೊಳ್ಳುತ್ತಾರೆ. ಔಷಧಿ ಬದಲಿಸಿದರೆ ಹೋಗುತ್ತದೆ. ಥೈರಾಯ್ಡ್, ರಕ್ತಹೀನತೆ, ಆಮ್ಲಜನಕದ ಮಟ್ಟ, ಹೃದಯದ ಬಡಿತ ಇವನ್ನೂ ಒಮ್ಮೆ ನೋಡಿಸಬೇಕು. ಎದೆ ಹೊಡೆದುಕೊಳ್ಳುತ್ತದೆ ಎಂದು ಬರೆದಿದ್ದೀರಿ. ನೀವು ತೆಗೆದುಕೊಳ್ಳುವ ಮಾತ್ರೆ ಯಾವುದೇ ಇರಲಿ, ಈ ಲಕ್ಷಣವನ್ನು ಡಾಕ್ಟರಿಗೆ ಹೇಳದೆ ಬಿಡಬೇಡಿ. ಈ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಹೃದಯದ ಲಯವನ್ನು ಬದಲಿಸಬಹುದು. ಒಂದು ಇಸಿಜಿಯಲ್ಲಿ ಗೊತ್ತಾಗುತ್ತದೆ.

ಇದೆಲ್ಲ ಸರಿ ಇದ್ದರೂ ಎಚ್ಚರವಾಗುತ್ತಿದ್ದರೆ, ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು ಬೇರೆ ಕಡೆ ಕೂತು, ತಲೆಯಲ್ಲಿ ಓಡುತ್ತಿರುವುದನ್ನು ಒಂದು ಪುಸ್ತಕದಲ್ಲಿ ಗೀಚಿ. ಹಗಲು ಅದನ್ನು ಓದಿ, ಯಾವುದಕ್ಕೆ ಏನಾದರೂ ಮಾಡಬಹುದು, ಯಾವುದಕ್ಕೆ ಆಗುವುದಿಲ್ಲ ಎಂದು ನೋಡಿ. ನಿಮ್ಮ ಭಯಗಳನ್ನು ಬಿಡಿಸಿಡುವ ಕೆಲಸ ಅಲ್ಲೇ ಅರ್ಧ ಆಗುತ್ತದೆ.

ಉಸಿರು ಮತ್ತು ನೋವು

ಕೊನೆಯಲ್ಲಿ ಉಸಿರು ಕಟ್ಟುತ್ತದೆಯೇ? ಶ್ವಾಸಕೋಶದ ಕ್ಯಾನ್ಸರ್ ಇರುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದೇ. ಕೇಳದವರ ಮನಸ್ಸಿನಲ್ಲೂ ಇದು ಇರುತ್ತದೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕಾಯಿಲೆ ಮುಂದುವರಿದಾಗ ಉಬ್ಬಸ ಬರುವ ಸಾಧ್ಯತೆ ಇದೆ. ಆದರೆ ಯಾರೋ ಕತ್ತು ಹಿಸುಕಿದ ಹಾಗೆ ಒದ್ದಾಡಿ ಸಾಯುವುದು, ಅಂದರೆ ನೀವು ಮೂರು ಗಂಟೆಗೆ ಕಾಣುವ ಆ ಚಿತ್ರ, ಸರಿಯಾದ ಆರೈಕೆ ಇರುವ ಕಡೆ ಅಪರೂಪ. ಹೆಚ್ಚಿನವರು ಕೊನೆಯ ದಿನಗಳಲ್ಲಿ ಜಾಸ್ತಿ ಜಾಸ್ತಿ ನಿದ್ದೆ ಮಾಡುತ್ತಾ, ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಹೋಗುತ್ತಾರೆ.

ಉಬ್ಬಸಕ್ಕೆ ಕಾರಣ ಹಲವು. ಶ್ವಾಸಕೋಶದ ಸುತ್ತ ನೀರು ತುಂಬಿದ್ದರೆ ಅದನ್ನು ತೆಗೆಯಬಹುದು. ಶ್ವಾಸನಾಳ ಒತ್ತಿಕೊಂಡಿದ್ದರೆ ರೇಡಿಯೇಷನ್ ಕೊಡಬಹುದು. ಸೋಂಕು, ರಕ್ತ ಕಡಿಮೆ ಇರುವುದು, ರಕ್ತನಾಳದಲ್ಲಿ ಹೆಪ್ಪು, ಇವಕ್ಕೆಲ್ಲ ಬೇರೆ ಬೇರೆ ಚಿಕಿತ್ಸೆ ಇದೆ. ಕಾರಣ ಸರಿಪಡಿಸಲಾಗದಿದ್ದರೂ ಉಬ್ಬಸದ ಅನುಭವವನ್ನು ಇಳಿಸಬಹುದು. ಮುಖಕ್ಕೆ, ಅದರಲ್ಲೂ ಮೂಗು ಕೆನ್ನೆಯ ಹತ್ತಿರ ಸಣ್ಣ ಫ್ಯಾನ್ ಗಾಳಿ ಬಿಟ್ಟರೆ ನಿಜವಾಗಿಯೂ ಕಡಿಮೆಯಾಗುತ್ತದೆ. ಅಲ್ಲಿನ ನರಕ್ಕೆ ತಂಪು ತಾಗಿದರೆ ಮೆದುಳಿಗೆ ಉಸಿರಿನ ಹಸಿವು ಕಡಿಮೆ ಅನ್ನಿಸುತ್ತದೆ. ಮುಂದಕ್ಕೆ ಬಾಗಿ ಮೇಜಿನ ಮೇಲೆ ಕೈ ಊರಿ ಕೂರುವುದೂ ಸಹಾಯ. ರಕ್ತದಲ್ಲಿ ಆಮ್ಲಜನಕ ಸರಿಯಾಗಿಯೇ ಇದ್ದರೆ ಸಿಲಿಂಡರ್ ಹಾಕುವುದರಿಂದ ಹೆಚ್ಚಿನ ಲಾಭವಿಲ್ಲ. ಇದನ್ನು ಕೇಳಿ ಮನೆಯವರಿಗೆ ಆಶ್ಚರ್ಯವಾಗುತ್ತದೆ, ಆದರೆ ಹಾಗೇ. ಇನ್ನೊಂದು, ಸಣ್ಣ ಪ್ರಮಾಣದ ಮಾರ್ಫಿನ್.

ಮಾರ್ಫಿನ್ ಎಂದ ತಕ್ಷಣ ಮನೆಯವರ ಮುಖ ಬಾಡುತ್ತದೆ. 'ಅಷ್ಟು ದೂರ ಬಂತಾ?' ಅನ್ನುತ್ತಾರೆ. ಹಾಗಲ್ಲ. ಮಾರ್ಫಿನ್ ಕೊನೆಯ ಔಷಧಿ ಅಲ್ಲ. ನೋವಿಗೆ ತಕ್ಕಷ್ಟು, ಸ್ವಲ್ಪ ಸ್ವಲ್ಪವೇ ಏರಿಸಿ ಕೊಟ್ಟರೆ ಅದು ಸಾವನ್ನು ಬೇಗ ತರುವುದಿಲ್ಲ. ಎಷ್ಟೋ ಜನ ತಿಂಗಳುಗಟ್ಟಲೆ, ವರ್ಷಗಟ್ಟಲೆ ತೆಗೆದುಕೊಂಡು ಓಡಾಡಿಕೊಂಡಿರುತ್ತಾರೆ. ಆದರೆ ತೊಂದರೆಯೇ ಇಲ್ಲದ ಔಷಧಿ ಎಂದೂ ಹೇಳಲಾರೆ. ಮಲಬದ್ಧತೆ ಬಂದೇ ಬರುತ್ತದೆ, ತಾನಾಗಿ ಹೋಗುವುದಿಲ್ಲ. ಮೊದಲ ದಿನದಿಂದಲೇ ಅದಕ್ಕೆ ಔಷಧಿ ಬೇಕು. ಶುರುವಿನಲ್ಲಿ ಕೆಲವು ದಿನ ಹೊಟ್ಟೆ ತೊಳಸುತ್ತದೆ, ಮಂಪರು ಇರುತ್ತದೆ, ಆಮೇಲೆ ಇಳಿಯುತ್ತದೆ. ಮೂತ್ರಪಿಂಡ ಸರಿಯಿಲ್ಲದಿದ್ದರೆ ಅದು ದೇಹದಲ್ಲಿ ಉಳಿದುಕೊಳ್ಳುತ್ತದೆ, ಬೇರೆ ಔಷಧಿ ನೋಡಬೇಕಾಗುತ್ತದೆ. ನಿದ್ದೆ ಮಾತ್ರೆ ಅಥವಾ ಮದ್ಯದ ಜೊತೆ ಅಪಾಯ. ದಿಢೀರ್ ನಿಲ್ಲಿಸಬಾರದು. ಚಟದ ವಿಷಯಕ್ಕೆ ಬಂದರೆ, ಕ್ಯಾನ್ಸರ್ ನೋವಿಗೆ ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವವರಲ್ಲಿ ಅದು ಕಡಿಮೆ. ಹಿಂದೆ ಯಾವುದಾದರೂ ಚಟ ಇದ್ದವರು ಮಾತ್ರ ಅದನ್ನು ಮುಚ್ಚಿಡದೆ ಹೇಳಬೇಕು.

ಮೂಳೆ ನೋವಿಗೆ ಒಂದೇ ಒಂದು ಸಲದ ರೇಡಿಯೇಷನ್‌ನಿಂದ ಅರ್ಧಕ್ಕಿಂತ ಹೆಚ್ಚು ಜನರಿಗೆ ಆರಾಮ ಸಿಗುತ್ತದೆ. ಆದರೆ ಕೆಲವು ವಾರ ಹಿಡಿಯುತ್ತದೆ, ಮೊದಲ ಒಂದೆರಡು ದಿನ ನೋವು ಸ್ವಲ್ಪ ಜಾಸ್ತಿಯೂ ಆಗಬಹುದು. ಮೂಳೆ ಗಟ್ಟಿಮಾಡುವ ಇಂಜೆಕ್ಷನ್ ಶುರು ಮಾಡುವುದಿದ್ದರೆ ಮೊದಲು ದಂತವೈದ್ಯರಿಗೆ ತೋರಿಸಿ. ಹಲ್ಲು ಕೀಳಿಸುವುದಿದ್ದರೆ ಅದಕ್ಕೆ ಮುಂಚೆಯೇ ಆಗಬೇಕು, ಇಲ್ಲದಿದ್ದರೆ ದವಡೆಯ ಮೂಳೆಗೆ ತೊಂದರೆಯಾಗುವ ಸಾಧ್ಯತೆ ಇದೆ.

ಕೊನೆಯ ದಿನಗಳು ಹೇಗಿರುತ್ತವೆ ಎಂದು ನೀವು ಬಾಯಿಬಿಟ್ಟು ಕೇಳಿಲ್ಲ. ಓದಲು ಇಷ್ಟವಿಲ್ಲದಿದ್ದರೆ ಮುಂದಿನ ಪ್ಯಾರಾ ಬಿಟ್ಟುಬಿಡಿ.

ಹಸಿವು, ಬಾಯಾರಿಕೆ ಎರಡೂ ಕಡಿಮೆಯಾಗುತ್ತವೆ. ಊಟ ಬಿಟ್ಟದ್ದರಿಂದ ಸಾಯುತ್ತಿದ್ದಾರೆ ಎಂದು ಮನೆಯವರು ಒದ್ದಾಡುತ್ತಾರೆ, ನಿಜದಲ್ಲಿ ದೇಹ ಮುಚ್ಚಿಕೊಳ್ಳುತ್ತಿರುವುದರಿಂದ ಊಟ ಬೇಡವಾಗಿರುತ್ತದೆ. ಆಗ ಬಲವಂತವಾಗಿ ಉಣಿಸಿದರೆ, ಡ್ರಿಪ್ ಹಾಕಿದರೆ, ಕೆಲವೊಮ್ಮೆ ಶ್ವಾಸಕೋಶದಲ್ಲೂ ಕಾಲಲ್ಲೂ ನೀರು ತುಂಬಿ ಕಷ್ಟ ಹೆಚ್ಚಾಗುತ್ತದೆ. ತುಟಿ, ಬಾಯಿ ಒದ್ದೆ ಮಾಡುತ್ತಿದ್ದರೆ ಹಾಯಾಗಿರುತ್ತದೆ. ಕೈಕಾಲು ತಣ್ಣಗಾಗುತ್ತದೆ. ಉಸಿರು ಒಮ್ಮೆ ಜೋರಾಗಿ, ಒಮ್ಮೆ ನಿಂತ ಹಾಗೆ ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ಪಕ್ಕದಲ್ಲಿ ಕೂತವರಿಗೆ ಅದನ್ನು ಕೇಳುವುದು ಬಹಳ ಕಷ್ಟ, ಆದರೆ ಎಚ್ಚರವಿಲ್ಲದ ರೋಗಿಗೆ ಅದರಿಂದ ಸಂಕಟವಾಗುವ ಹಾಗೆ ಕಾಣುವುದಿಲ್ಲ. 2020ರಲ್ಲಿ ಕೆನಡಾದ ಒಂದು ಸಣ್ಣ ಅಧ್ಯಯನದಲ್ಲಿ, ಪ್ರತಿಕ್ರಿಯೆ ನೀಡದ ಸ್ಥಿತಿಗೆ ಹೋದ ಕೆಲವರ ಮೆದುಳು ಶಬ್ದಕ್ಕೆ ಸ್ಪಂದಿಸಿದ್ದು ಕಂಡುಬಂದಿದೆ. ಅದಕ್ಕೇ ನಾವು ಮನೆಯವರಿಗೆ, ಮಾತಾಡುತ್ತಲೇ ಇರಿ ಎನ್ನುತ್ತೇವೆ.

ಎಷ್ಟು ಸಮಯ ಇದೆ ಎಂದು ಕೇಳಬೇಕೇ

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಗೊತ್ತಾದರೆ ನೆಮ್ಮದಿ ಎನ್ನುವವರಿದ್ದಾರೆ, ಬೇಡ ಎನ್ನುವವರೂ ಇದ್ದಾರೆ. ಬೇಡ ಎನ್ನುವುದು ಹೇಡಿತನವಲ್ಲ, ಅದು ನಿಮ್ಮ ಹಕ್ಕು. ನಿಮ್ಮ ಕಾಯಿಲೆಗೆ ಸಂಬಂಧಿಸಿದ ಅಂಕಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೇಳಬೇಕೋ ಬೇಡವೋ ಎಂದು ನೀವಿನ್ನೂ ತೀರ್ಮಾನಿಸಿಲ್ಲವಲ್ಲ. ಬೇಕೆಂದರೆ ನಿಮ್ಮ ರಿಪೋರ್ಟ್ ನೋಡಿದವರ ಬಾಯಿಂದ ಕೇಳಬೇಕು. ರಾತ್ರಿ ಮೊಬೈಲಿನಲ್ಲಿ ಹುಡುಕಿ ಅಲ್ಲ.

ಆದರೆ ಕೇಳುವ ಮೊದಲು ಎರಡು ಸಂಗತಿ ತಿಳಿದಿರಲಿ.

ಡಾಕ್ಟರ ಅಂದಾಜು ತಪ್ಪುತ್ತದೆ, ಹೆಚ್ಚಾಗಿ ಒಂದೇ ಕಡೆಗೆ ತಪ್ಪುತ್ತದೆ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಷಿಕಾಗೋದ 343 ಡಾಕ್ಟರನ್ನು, ಹಾಸ್ಪಿಸ್‌ಗೆ, ಅಂದರೆ ಕೊನೆಗಾಲದ ಆರೈಕೆಗೆ, ಸೇರುತ್ತಿದ್ದ 468 ರೋಗಿಗಳ ಬಗ್ಗೆ ಅಂದಾಜು ಕೇಳಿ ಆಮೇಲೆ ತಾಳೆ ನೋಡಿದರು. ಸುಮಾರಾಗಿ ಸರಿ ಬಂದದ್ದು ನೂರಕ್ಕೆ 20. ನೂರಕ್ಕೆ 63ರಷ್ಟು ಅಂದಾಜುಗಳು ಇರುವುದಕ್ಕಿಂತ ಹೆಚ್ಚು ಸಮಯ ಹೇಳಿದ್ದವು. ರೋಗಿಯನ್ನು ಬಹಳ ಕಾಲದಿಂದ ಬಲ್ಲ ಡಾಕ್ಟರು ಇನ್ನೂ ಜಾಸ್ತಿ ತಪ್ಪಿದ್ದರು. ಪ್ರೀತಿ ಬೆಳೆದಷ್ಟೂ ಆಸೆ ಬೆಳೆಯುತ್ತದೆ, ಡಾಕ್ಟರಿಗೂ ಅಷ್ಟೇ.

ಎರಡನೆಯದು, ಸರಾಸರಿಯ ಹಾಗೆ ಹೇಳುವ ಆ ಒಂದು ಸಂಖ್ಯೆ. ವೈದ್ಯಕೀಯದಲ್ಲಿ 'ಇಷ್ಟು ತಿಂಗಳು' ಎಂದರೆ ಸಾಮಾನ್ಯವಾಗಿ ಅರ್ಧ ಜನ ಅದಕ್ಕಿಂತ ಮುಂಚೆ ಹೋಗುತ್ತಾರೆ, ಅರ್ಧ ಜನ ಅದನ್ನು ದಾಟುತ್ತಾರೆ ಎಂದಷ್ಟೇ ಅರ್ಥ. ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್‌ಗೆ 1982ರಲ್ಲಿ ಹೊಟ್ಟೆಯೊಳಗಿನ ಪದರದ ಕ್ಯಾನ್ಸರ್ ಬಂದಾಗ ಪುಸ್ತಕಗಳಲ್ಲಿದ್ದ ಆ ಸಂಖ್ಯೆ ಎಂಟು ತಿಂಗಳು. ಅವರು ಬದುಕಿದ್ದು 20 ವರ್ಷ. 2002ರಲ್ಲಿ ತೀರಿಕೊಂಡದ್ದು ಬೇರೊಂದು ಕ್ಯಾನ್ಸರಿನಿಂದ. ಎಲ್ಲರಿಗೂ ಹಾಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ, ಆ ಸಂಖ್ಯೆ ದಾಟಿ ಬಹಳ ಕಾಲ ಬದುಕುವ ಕೆಲವರನ್ನು ಗ್ರಾಫಿನ ಬಾಲ ಅನ್ನುತ್ತಾರೆ, ಅವರು ಆ ಉದ್ದದ ಬಾಲದ ತುದಿಯಲ್ಲಿದ್ದವರು. ಆದರೆ ಬಾಲ ಎಂಬುದೊಂದು ಇದೆ. ಮುಂಚೆಯೇ ಹೋಗುವ ಅರ್ಧವೂ ಇದೆ. ಹಾಗಾಗಿ 'ಎಷ್ಟು ಸಮಯ?' ಎಂದು ಕೇಳುವುದಕ್ಕಿಂತ ಹೀಗೆ ಕೇಳಿ: 'ಚೆನ್ನಾಗಿ ನಡೆದರೆ ಎಷ್ಟು, ಕೆಟ್ಟದಾಗಿ ನಡೆದರೆ ಎಷ್ಟು, ನನ್ನಂಥ ಹೆಚ್ಚಿನವರಿಗೆ ಎಷ್ಟು?' ತಿಂಗಳುಗಳೋ, ವರ್ಷಗಳೋ ಎಂಬ ಲೆಕ್ಕದಲ್ಲಿ ಉತ್ತರ ಬಂದರೂ ತೀರ್ಮಾನಗಳಿಗೆ ಅಷ್ಟು ಸಾಕು. ಪ್ರತಿ ಸ್ಕ್ಯಾನ್ ಆದ ಮೇಲೆ ಈ ಉತ್ತರ ಬದಲಾಗುತ್ತದೆ ಎಂಬುದೂ ನೆನಪಿರಲಿ.

ಕೇಳುವುದರಲ್ಲಿ ಅಪಾಯ ಇದೆಯೇ? ಇದೆ. ಒಮ್ಮೆ ಕೇಳಿದ್ದನ್ನು ಮರೆಯಲು ಆಗುವುದಿಲ್ಲ. ಕೆಲವು ವಾರ ಕಷ್ಟವಾಗುತ್ತದೆ, ಕೆಲವರು ಆ ತಾರೀಖನ್ನೇ ಕಾಯುತ್ತಾ ಕೂರುತ್ತಾರೆ. ಕೇಳದಿರುವುದರಲ್ಲೂ ಅಪಾಯ ಇದೆ. ಮಾಡಬೇಕಾದದ್ದು ಉಳಿದುಹೋಗುತ್ತದೆ, ಗಾಬರಿಯ ಹೊತ್ತಿನಲ್ಲಿ ಬೇರೆಯವರು ನಿಮ್ಮ ಪರವಾಗಿ ತೀರ್ಮಾನಿಸುತ್ತಾರೆ. ನಡುವಿನ ದಾರಿ ಒಂದಿದೆ: 'ನನಗೆ ಸಂಖ್ಯೆ ಬೇಡ, ಆದರೆ ಮುಖ್ಯವಾದ ಕೆಲಸಗಳನ್ನು ಮುಗಿಸಿಕೊಳ್ಳುವ ಹೊತ್ತು ಬಂದಾಗ ತಪ್ಪದೆ ಹೇಳಿ' ಎಂದು ಡಾಕ್ಟರಿಗೆ ಹೇಳಿಡುವುದು. ಈ ಮಾತು ಬಹಳ ಜನಕ್ಕೆ ಹೊಂದುವುದನ್ನು ನೋಡಿದ್ದೇನೆ.

ಇನ್ನು ಕೋರ್ಸು. ಸೇರಿ. ಹುಚ್ಚುತನ ಅಲ್ಲವೇ ಅಲ್ಲ. ನಡುವೆ ಬಿಡುವು ತೆಗೆದುಕೊಳ್ಳಲು ಬಿಡುತ್ತಾರಾ, ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದಾ ಎಂದು ಮೊದಲೇ ಕೇಳಿಕೊಳ್ಳಿ. ಮುಗಿಸುವುದೇ ಗುರಿ ಎಂದು ಇಟ್ಟುಕೊಂಡರೆ ಪ್ರತಿ ಸ್ಕ್ಯಾನೂ ಒಂದು ಪರೀಕ್ಷೆಯಾಗುತ್ತದೆ. ಕಲಿಯುವುದು ಇಷ್ಟ ಎಂದು ಹೋದರೆ ಮೊದಲ ವಾರದ ಪಾಠವೇ ಲಾಭ.

ಪ್ಯಾಲಿಯೇಟಿವ್ ಕೇರ್ ಎಂದರೆ ಕೊನೆ ಎಂದಲ್ಲ

ನಿಮ್ಮ ಡಾಕ್ಟರು ನಿಮ್ಮನ್ನು ಕೈಬಿಡುತ್ತಿಲ್ಲ. ಮಾತ್ರೆ, ಸ್ಕ್ಯಾನ್, ಅವರ ಭೇಟಿ ಎಲ್ಲ ಮುಂದುವರಿಯುತ್ತದೆ, ನಾವು ಜೊತೆಗೆ ಸೇರುತ್ತೇವೆ. ಈ ವಿಭಾಗದ ಬೇರು ಇರುವುದು ಕೊನೆಗಾಲದ ಆರೈಕೆಯಲ್ಲಿ, ಹಾಗಾಗಿ ಈ ತಪ್ಪು ತಿಳಿವಳಿಕೆ ಬಂದಿದೆ. 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೊಫರ್ ಹಾಸ್ಪಿಸ್ ಶುರು ಮಾಡಿದ ಡಾಕ್ಟರ್ ಸಿಸಿಲಿ ಸಾಂಡರ್ಸ್, ನೋವು ದೇಹದ್ದು ಮಾತ್ರ ಅಲ್ಲ, ಮನಸ್ಸಿನದ್ದು, ಸಂಬಂಧಗಳದ್ದು, ಬದುಕಿನ ಅರ್ಥದ್ದು ಕೂಡ, ಎಲ್ಲವನ್ನೂ ಒಟ್ಟಿಗೆ ನೋಡಬೇಕು ಎಂದು ತೋರಿಸಿಕೊಟ್ಟರು. ಆಮೇಲೆ ಈ ಆರೈಕೆ ಕಾಯಿಲೆಯ ಶುರುವಿನ ಕಡೆಗೆ ಸರಿಯುತ್ತಾ ಬಂತು. 2010ರಲ್ಲಿ ಪ್ರಕಟವಾದ ಬಾಸ್ಟನ್‌ನ ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರ್ ಹೊಸದಾಗಿ ಗೊತ್ತಾದ 151 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಮಾಮೂಲಿ ಚಿಕಿತ್ಸೆಯ ಜೊತೆ ಮೊದಲಿನಿಂದಲೇ ಪ್ಯಾಲಿಯೇಟಿವ್ ಕೇರ್ ಸಿಕ್ಕವರಲ್ಲಿ ಖಿನ್ನತೆಯ ಲಕ್ಷಣ ಇದ್ದದ್ದು ನೂರಕ್ಕೆ 16 ಜನಕ್ಕೆ, ಸಿಗದವರಲ್ಲಿ 38 ಜನಕ್ಕೆ. ಸಿಕ್ಕವರು ಸಿಗದವರಿಗಿಂತ ಎರಡೂವರೆ ತಿಂಗಳಿಗೂ ಸ್ವಲ್ಪ ಹೆಚ್ಚು ಕಾಲ ಬದುಕಿದರು ಕೂಡ. ಆಯುಸ್ಸು ಹೆಚ್ಚಾಗುವುದು ಆಮೇಲಿನ ಎಲ್ಲ ಅಧ್ಯಯನಗಳಲ್ಲಿ ಕಂಡಿಲ್ಲ, ಅದನ್ನು ನಂಬಿಕೊಂಡು ಬರಬೇಡಿ. ದಿನಗಳು ಸಲೀಸಾಗುವುದು ಮಾತ್ರ ಮತ್ತೆ ಮತ್ತೆ ಕಂಡಿದೆ.

ಒಂದು ಕಷ್ಟ ಇದೆ. ಮೊದಲ ಭೇಟಿಯಲ್ಲಿ ನಾವು ಕೇಳುವ ಪ್ರಶ್ನೆಗಳು ನಿಮ್ಮನ್ನು ಅಲುಗಾಡಿಸಬಹುದು. 'ಇವತ್ತು ಇಷ್ಟು ಸಾಕು' ಎಂದು ಯಾವ ಕ್ಷಣದಲ್ಲಾದರೂ ಹೇಳಬಹುದು.

ಮಾತಿನ ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದೂ ಅಲ್ಲೇ ಕೇಳಿ. ಮುಂದುವರಿದ ಕ್ಯಾನ್ಸರ್ ಇರುವವರಿಗೇ ಅಂತ ರೂಪಿಸಿದ ವಿಧಾನಗಳಿವೆ. ಕೆನಡಾದ ಟೊರೊಂಟೊದಲ್ಲಿ ಮನೋವೈದ್ಯ ಗ್ಯಾರಿ ರಾಡಿನ್ ಮತ್ತು ಜೊತೆಗಾರರು ಕಟ್ಟಿದ ಒಂದು ವಿಧಾನದಲ್ಲಿ ಮೂರರಿಂದ ಆರು ಭೇಟಿ ಇರುತ್ತವೆ. ಕಾಯಿಲೆ, ಸಂಬಂಧಗಳು, ಬದುಕಿನ ಅರ್ಥ, ಸಾವು, ನಾಲ್ಕರ ಬಗ್ಗೆಯೂ ಅಲ್ಲಿ ಮಾತಾಡುತ್ತಾರೆ. 305 ಜನರ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾದವು. ಅದೇ ವಿಧಾನ ನಿಮಗೆ ಸಿಗದಿರಬಹುದು, ಆದರೆ ಗಂಭೀರ ಕಾಯಿಲೆಯವರ ಜೊತೆ ಕೆಲಸ ಮಾಡಿ ಅನುಭವ ಇರುವ ಕೌನ್ಸೆಲರ್ ಸಿಕ್ಕರೆ ಅರ್ಧ ಗೆದ್ದ ಹಾಗೆ. ಸಾವಿನ ಮಾತು ಬಂದ ತಕ್ಷಣ ವಿಷಯ ಬದಲಿಸುವವರಾದರೆ ಬೇರೆಯವರನ್ನು ನೋಡಿ. ಆತಂಕಕ್ಕೆ ಮಾತ್ರೆ ಬೇಕಾದರೆ, ಬೇಗ ಕೆಲಸ ಮಾಡುವ ನಿದ್ದೆ-ಆತಂಕದ ಮಾತ್ರೆಗಳು ಅಭ್ಯಾಸವಾಗುತ್ತವೆ, ಮಂಕು ಕವಿಸುತ್ತವೆ, ಬೀಳುವ ಅಪಾಯ ಹೆಚ್ಚಿಸುತ್ತವೆ. ನಿಮ್ಮ ಬೆನ್ನುಮೂಳೆಗೆ ಬೀಳುವುದು ಒಳ್ಳೆಯದಲ್ಲ. ಖಿನ್ನತೆಯ ಮಾತ್ರೆಗಳು ಹೆಚ್ಚು ಕಾಲಕ್ಕೆ ಒಳ್ಳೆಯವು, ಆದರೆ ಕೆಲಸ ಶುರುಮಾಡಲು ಕೆಲವು ವಾರ ಬೇಕು. ಅವುಗಳಲ್ಲಿ ಕೆಲವು ಹೃದಯದ ಲಯದ ಮೇಲೂ ಪರಿಣಾಮ ಮಾಡುವುದರಿಂದ ನಿಮ್ಮ ಈಗಿನ ಮಾತ್ರೆಯ ಜೊತೆ ಹೊಂದುತ್ತದೆಯೇ ಎಂದು ನೋಡಿಯೇ ಕೊಡಬೇಕು.

ಗಂಡ, ಮಗಳು

ನಿಮ್ಮ ಗಂಡ ಎದ್ದು ಹೋಗುವುದು ಕಾಳಜಿ ಇಲ್ಲದೆ ಅಲ್ಲ. ಬಹಳ ಮನೆಗಳಲ್ಲಿ ಹೀಗಾಗುತ್ತದೆ. ಇವರು ಅಳಬಾರದು ಎಂದು ಅವರು, ಅವರು ಅಳಬಾರದು ಎಂದು ಇವರು, ಇಬ್ಬರೂ ಒಂದೇ ಭಯವನ್ನು ಬೇರೆ ಬೇರೆ ಕೋಣೆಯಲ್ಲಿ ಹೊತ್ತಿರುತ್ತಾರೆ. ಬಹುಶಃ ನೀವು ಪರಿಹಾರ ಕೇಳುತ್ತಿದ್ದೀರಿ ಎಂದು ಅವರು ಅಂದುಕೊಂಡಿದ್ದಾರೆ, ಅವರ ಹತ್ತಿರ ಪರಿಹಾರ ಇಲ್ಲ. ಮುಂದಿನ ಸಲ ಹೀಗೆ ಶುರು ಮಾಡಿ ನೋಡಿ: 'ನೀವು ಏನೂ ಸರಿ ಮಾಡಬೇಕಾಗಿಲ್ಲ. ಹತ್ತು ನಿಮಿಷ ಸುಮ್ನೆ ಪಕ್ಕದಲ್ಲಿ ಕೂತು ಕೇಳಿ ಸಾಕು.' ಮುಖ ನೋಡಿಕೊಂಡು ಕೂರುವುದಕ್ಕಿಂತ ನಡೆಯುವಾಗ, ಗಾಡಿಯಲ್ಲಿ ಹೋಗುವಾಗ ಮಾತು ಸುಲಭವಾಗಿ ಬರುತ್ತದೆ. ಆದರೂ ಆಗದಿದ್ದರೆ ಮುಂದಿನ ಭೇಟಿಗೆ ಅವರನ್ನು ಕರೆತನ್ನಿ. ನೀವು ಕೇಳಲಾಗದ್ದನ್ನು ನಾವು ಕೇಳುತ್ತೇವೆ.

ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಹೇಳಬೇಕು. 15 ವರ್ಷದವಳಿಗೆ ನಿಮ್ಮ ಔಷಧಿಯ ಹೆಸರು ಗೊತ್ತಿದೆ, ಕೈಯಲ್ಲಿ ಮೊಬೈಲ್ ಇದೆ. ಅವಳಿಗೆ ಏನೂ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಗೊತ್ತಿದ್ದೂ ಯಾರನ್ನೂ ಕೇಳಲಾಗದೆ ಇರುವುದು ಮಕ್ಕಳಿಗೆ ದೊಡ್ಡ ಒಂಟಿತನ. ಅವಳಿಗೆ ಗೊತ್ತಿರುವುದರಿಂದಲೇ ಶುರು ಮಾಡಿ. 'ನನ್ನ ಕಾಯಿಲೆ ಬಗ್ಗೆ ನಿನಗೆ ಏನು ಗೊತ್ತು? ಏನು ಕೇಳಬೇಕು ಅನ್ನಿಸುತ್ತೆ?' ಆಮೇಲೆ ನೇರವಾಗಿ: 'ಈ ಮಾತ್ರೆ ಈಗ ಚೆನ್ನಾಗಿ ಕೆಲಸ ಮಾಡ್ತಿದೆ. ಆದರೆ ಇದು ಪೂರ್ತಿ ಹೋಗೋ ಕಾಯಿಲೆ ಅಲ್ಲ. ಏನಾದರೂ ಬದಲಾದರೆ ನಿನಗೆ ನಾನೇ ಮೊದಲು ಹೇಳ್ತೀನಿ.' ಈ ಕೊನೆಯ ಮಾತು ಬಹಳ ಮುಖ್ಯ. ಪ್ರತಿ ಫೋನ್ ಕರೆಯನ್ನೂ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುವ ಹೊರೆ ಅದರಿಂದ ಇಳಿಯುತ್ತದೆ. 'ಅಮ್ಮ ಸಾಯ್ತೀಯಾ?' ಎಂದು ಕೇಳಿದರೆ 'ಇಲ್ಲ' ಎಂದು ಮಾತು ಕೊಡಬೇಡಿ. 'ಒಂದು ದಿನ ಈ ಕಾಯಿಲೆಯಿಂದ ಸಾಯಬಹುದು, ಇವತ್ತಲ್ಲ, ಯಾವಾಗ ಅಂತ ನನಗೂ ಗೊತ್ತಿಲ್ಲ. ಏನೇ ಆದರೂ ನಿನ್ನನ್ನು ನೋಡಿಕೊಳ್ಳೋರು ಯಾರು ಅಂತ ನಾವು ಯೋಚಿಸಿಟ್ಟಿದ್ದೀವಿ' ಎನ್ನಬಹುದು.

ಹೇಳಿದ ಮೇಲೆ ಅವಳು ಅಳಬಹುದು, ಸಿಟ್ಟಾಗಬಹುದು, ಐದು ನಿಮಿಷದಲ್ಲಿ ಗೆಳತಿಯ ಜೊತೆ ಹರಟೆಗೆ ಹೋಗಿಬಿಡಬಹುದು. ಕೊನೆಯದನ್ನು ನೋಡಿ ನೋಯಬೇಡಿ, ಹರೆಯದವರು ದುಃಖವನ್ನು ತುಂಡು ತುಂಡಾಗಿ ತೆಗೆದುಕೊಳ್ಳುತ್ತಾರೆ. ಓದಿನಲ್ಲಿ ಸ್ವಲ್ಪ ದಿನ ಹಿಂದೆ ಬೀಳಬಹುದು. ಅವಳು ನಂಬುವ ಒಬ್ಬ ಟೀಚರಿಗೆ, ಅವಳ ಒಪ್ಪಿಗೆ ಪಡೆದು, ವಿಷಯ ತಿಳಿಸಿ. ಅವಳನ್ನು ನಿಮ್ಮ ನರ್ಸ್ ಮಾಡಬೇಡಿ. ಗಂಡನಿಗೆ ಹೇಳಲಾಗದ ಭಯವನ್ನೆಲ್ಲ ಅವಳ ಮೇಲೆ ಸುರಿಯುವುದೂ ಬೇಡ.

ಅವಳಿಗಾಗಿ ಏನಾದರೂ ಬಿಟ್ಟುಹೋಗಬೇಕು ಎಂಬ ಆಸೆ ಇದ್ದರೆ, ಕೆನಡಾದ ಮನೋವೈದ್ಯ ಹಾರ್ವೆ ಚೋಚಿನೋವ್ ರೂಪಿಸಿದ ಒಂದು ಕ್ರಮ ಇದೆ. ಬದುಕಿನಲ್ಲಿ ಮುಖ್ಯವಾದದ್ದು ಏನು, ಮನೆಯವರು ಏನನ್ನು ನೆನಪಿಡಬೇಕು ಎಂಬ ಪ್ರಶ್ನೆಗಳಿಗೆ ನೀವು ಮಾತಿನಲ್ಲಿ ಉತ್ತರಿಸುತ್ತೀರಿ. ಅದನ್ನು ರೆಕಾರ್ಡ್ ಮಾಡಿ, ಬರೆದು, ತಿದ್ದಿ ನಿಮ್ಮ ಕೈಗೆ ಕೊಡುತ್ತಾರೆ. ಮನಸ್ಸಿನ ಸಂಕಟವನ್ನು ಅದು ಅಳತೆಗೆ ಸಿಗುವಷ್ಟು ಇಳಿಸುತ್ತದೆ ಎಂದು 2011ರ ಪರೀಕ್ಷೆಯಲ್ಲಿ ಕಾಣಲಿಲ್ಲ, ಆದರೆ ಮಾಡಿದವರು ಅದರಿಂದ ಉಪಯೋಗವಾಯಿತು ಎಂದರು. ಮನೆಯಲ್ಲೇ ಫೋನಿನಲ್ಲಿ ನೀವೇ ರೆಕಾರ್ಡ್ ಮಾಡಬಹುದು. ಈಗ ಧ್ವನಿ ಗಟ್ಟಿ ಇದೆ, ಈಗಲೇ ಮಾಡಿ.

ಬರೆದಿಡುವುದು

ಚೆನ್ನಾಗಿರುವಾಗಲೇ ಮಾಡಬೇಕಾದ ಇನ್ನೊಂದು ಕೆಲಸ, ನಿಮಗೆ ಮಾತಾಡಲು ಆಗದಿದ್ದಾಗ ನಿಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ತೀರ್ಮಾನಿಸುವುದು. ಅದು ನಿಮ್ಮನ್ನು ಹೆಚ್ಚು ಪ್ರೀತಿಸುವವರೇ ಆಗಬೇಕೆಂದಿಲ್ಲ, ಗಾಬರಿಯ ಹೊತ್ತಿನಲ್ಲೂ ನಿಮ್ಮ ಮಾತನ್ನು ಹಾಗೇ ಹೇಳಬಲ್ಲವರಾಗಿರಬೇಕು. ಹೃದಯ ನಿಂತಾಗ ಎದೆ ಒತ್ತುವುದು, ವೆಂಟಿಲೇಟರ್, ಐಸಿಯು ಇವು ಯಾವಾಗ ಬೇಕು, ಯಾವಾಗ ಬೇಡ ಎಂದು ಅವರ ಜೊತೆ ಮಾತಾಡಿ. ಟಿವಿಯಲ್ಲಿ ಎದೆ ಒತ್ತಿದವರೆಲ್ಲ ಎದ್ದು ಕೂರುತ್ತಾರೆ. ಕ್ಯಾನ್ಸರ್ ಇರುವವರ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆಸ್ಪತ್ರೆಯಲ್ಲಿ ಹೃದಯ ನಿಂತು ಎದೆ ಒತ್ತಿಸಿಕೊಂಡವರಲ್ಲಿ ಬದುಕಿ ಮನೆಗೆ ಹೋದವರು ನೂರಕ್ಕೆ ಸುಮಾರು 6. ಪಕ್ಕೆಲುಬು ಮುರಿಯುವುದು ಸಾಮಾನ್ಯ. ಆದರೆ ಈಗ ನಿಮ್ಮ ಸ್ಥಿತಿಯಲ್ಲಿ, ಸರಿಹೋಗಬಹುದಾದ ಸೋಂಕಿಗೆ ಕೆಲವು ದಿನ ಐಸಿಯು ಬೇಕಾದರೆ ಅದು ಬೇರೆ ಮಾತು. ಹಾಗಾಗಿ 'ಎಲ್ಲ ಬೇಕು' ಅಥವಾ 'ಏನೂ ಬೇಡ' ಎಂದು ಒಂದೇ ಸಾಲಿನಲ್ಲಿ ಬರೆಯಬೇಡಿ. ಇದನ್ನು ಕಾನೂನಿನ ಪ್ರಕಾರ ಹೇಗೆ ಬರೆದಿಡಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ, ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಬರೆದದ್ದನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಕೊನೆಯದಾಗಿ, ಕಾಯದೆ ಫೋನ್ ಮಾಡಬೇಕಾದ ಸಂದರ್ಭಗಳು. ಬೆನ್ನುನೋವು ಹೊಸ ಥರ ಶುರುವಾದರೆ ಅಥವಾ ದಿನದಿಂದ ದಿನಕ್ಕೆ ಏರಿದರೆ, ಕೆಮ್ಮಿದಾಗ ಪಟ್ಟಿ ಕಟ್ಟಿದ ಹಾಗೆ ಸುತ್ತಲೂ ನೋವು ಹಿಡಿದರೆ, ಕಾಲು ಸೋತರೆ, ಜೋಮು ಬಂದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಬೆನ್ನುಹುರಿ ಒತ್ತಿಕೊಂಡಿರಬಹುದು. ಆಗ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ, ಇನ್ನೂ ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕವರು ಆಮೇಲೂ ನಡೆಯುವ ಸಾಧ್ಯತೆ ಬಹಳ ಹೆಚ್ಚು. ಎದೆ ಹೊಡೆದುಕೊಳ್ಳುವುದರ ಜೊತೆ ತಲೆ ಸುತ್ತಿ ಬಿದ್ದರೆ, ದಿಢೀರ್ ಉಬ್ಬಸ ಬಂದರೆ, ಒಂದು ಕಾಲು ಮಾತ್ರ ಊದಿದರೆ ಅದೂ ತುರ್ತು. ಮನಸ್ಸಿನ ವಿಷಯಕ್ಕೂ ಇದೇ ಮಾತು. ದುಃಖ ಅಲೆಯಾಗಿ ಬರುತ್ತದೆ, ನಡುವೆ ನಗು ಇರುತ್ತದೆ, ಮಗಳ ಮಾತು ಹಿತವಾಗಿರುತ್ತದೆ. ಎರಡು ವಾರ ಯಾವುದೂ ಹಿತವೆನಿಸದಿದ್ದರೆ, ನಾನು ಎಲ್ಲರಿಗೂ ಹೊರೆ ಎಂಬ ಯೋಚನೆ ಬಿಡದಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಬದುಕು ಮುಗಿಸಿಕೊಳ್ಳುವ ಯೋಚನೆ ಬಂದರೆ ಆ ದಿನವೇ ಹೇಳಿ: ಗಂಡನಿಗೆ, ಡಾಕ್ಟರಿಗೆ, ಆಸ್ಪತ್ರೆಯ ಫೋನ್ ಎತ್ತಿದ ನರ್ಸಿಗೆ, ಯಾರು ಮೊದಲು ಸಿಗುತ್ತಾರೋ ಅವರಿಗೆ.